ಕಪ್ಪಗಾದ ಕಷಾಯ

ಅವಳನ್ನು ಲ್ಯಾಬಿನಲ್ಲಿ ಎಲ್ಲರೂ ಬಾಟ್ಲಿಯಮ್ಮ ಎನ್ನುತ್ತಿದ್ದರು. ಬಾಟ್ಲಿ ತೊಳೆಯುವುದು ಅವಳ ಕೆಲಸ. ಬಾಟ್ಲಿ ಅಂದರೆ ಬರೀ ಬಾಟ್ಲಿಯಲ್ಲ. ಕತ್ತು ಉದ್ದದ ಫ್ಲಾಸ್ಕು, ಬೆರಳು ದಪ್ಪದ ಟೆಸ್ಟ್ ಟ್ಯೂಬು, ಅಗಲ ಬಾಯಿಯ ಬೀಕರು, ಎಲ್ಲ ಗಾಜು. ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಸಿಂಕಿನ ಪಕ್ಕದ ತೊಟ್ಟಿಯಲ್ಲಿ ಹಿಂದಿನ ದಿನದ್ದೆಲ್ಲ ಸೋಪಿನ ನೀರಿನಲ್ಲಿ ಮುಳುಗಿ ಕಾಯುತ್ತಿರುತ್ತಿತ್ತು. ತೋಳು ಮಡಚಿ ಬ್ರಷ್ಷು ಹಿಡಿದರೆ ಮಧ್ಯಾಹ್ನದವರೆಗೆ ಸೊಂಟ ನೆಟ್ಟಗಾಗುವಂತಿಲ್ಲ. ತೊಳೆದು ಮುಗಿಸುವ ಹೊತ್ತಿಗೆ ಇನ್ನೊಂದು ತೊಟ್ಟಿ ತುಂಬಿರುತ್ತಿತ್ತು. ಮುಗಿಯಿತು ಅನ್ನುವ ಮಾತೇ ಆ ಕೆಲಸಕ್ಕೆ ಇರಲಿಲ್ಲ. ಅವಳಿಗೂ ಮುಗಿಯುವುದು ಬೇಕಿರಲಿಲ್ಲ. ಕೈ ನಿಂತರೆ ತಲೆ ಓಡುತ್ತಿತ್ತು.

ಔಷಧಿ ಗಿಡಗಳ ಎಲೆ ಪರೀಕ್ಷೆ ಮಾಡುವ ಲ್ಯಾಬು ಅದು. ಎಲೆ ಚೀಲಗಟ್ಟಲೆ ಬರುತ್ತಿತ್ತು. ಅದನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ತೂಗಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ರಸ ಇಳಿಸುತ್ತಿದ್ದರು. ಆ ರಸದಲ್ಲಿ ಫಿನಾಲ್ ಎಷ್ಟಿದೆ ಎಂದು ಅಳೆಯುವುದೇ ಅಲ್ಲಿನ ಕಸುಬು. ಫಿನಾಲ್ ಅಂದರೇನು ಎಂದು ಅವಳು ಒಮ್ಮೆ ಪರೀಕ್ಷೆ ಮಾಡುವ ಮೇಡಂನ ಕೇಳಿದ್ದಳು.

"ಎಳೇ ಎಲೆ ಬಾಯಿಗೆ ಹಾಕಿ ಅಗಿದ್ರೆ ನಾಲಿಗೆ ಹಿಡ್ಕೊಂಡ ಹಾಗಾಗುತ್ತಲ್ಲಮ್ಮ, ಒಗರು, ಅದು," ಎಂದಿದ್ದರು ಮೇಡಂ. "ಅದರಲ್ಲಿ ನೂರಾರು ಜಾತಿ ಇದೆ. ನೀವು ಸದ್ಯಕ್ಕೆ ಒಗರು ಅಂದ್ಕೊಳ್ಳಿ."

"ಒಗರು ಅಳೆಯೋಕೆ ಇಷ್ಟೊಂದು ಬಾಟ್ಲಿ ಬೇಕಾ ಮೇಡಂ?"

"ಬಾಟ್ಲಿನೂ ಬೇಕು, ಅದನ್ನ ತೊಳೆಯೋ ನೀವೂ ಬೇಕು."

ಮೇಡಂ ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವರು. ಕೂದಲನ್ನು ಪೆನ್ಸಿಲ್ಲಿನಿಂದಲೇ ಸುತ್ತಿ ಕಟ್ಟಿಕೊಂಡು, ಆಮೇಲೆ ಪೆನ್ಸಿಲ್ ಎಲ್ಲಿ ಎಂದು ಇಡೀ ಲ್ಯಾಬು ಹುಡುಕುವವರು. ಅಲ್ಲಿದ್ದ ಇನ್ನೊಬ್ಬ ತಕ್ಕಡಿಯಣ್ಣ. ಎಲೆ ಪುಡಿ ತೂಗುವವನು. ಅವನ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗಿತ್ತು. ಹತ್ತಿರ ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಅಂಕಿ ಓಡುತ್ತಿತ್ತು. "ಬಾಟ್ಲಿಯಮ್ಮ, ನಿಟ್ಟುಸಿರು ಬಿಡೋದಾದ್ರೆ ಆಚೆ ಹೋಗಿ ಬಿಡಿ. ನನ್ನ ತಕ್ಕಡಿ ನಿಮ್ಮ ದುಃಖಾನೂ ತೂಗಿಬಿಡುತ್ತೆ," ಎನ್ನುತ್ತಿದ್ದ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಅವನ ಮೇಲೆ ಬರುತ್ತಿರಲಿಲ್ಲ. ಉಳಿದವರೆಲ್ಲ ಅವಳೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವನೊಬ್ಬ ತಗ್ಗಿಸುತ್ತಿರಲಿಲ್ಲ.

ಅವಳು ಓದಿದ್ದು ನಾಲ್ಕನೇ ತರಗತಿ. ಆಮೇಲೆ ತಮ್ಮಂದಿರು, ಬಟ್ಟೆ, ಪಾತ್ರೆ. ಮದುವೆಯಾದದ್ದು ಬೀಗದವನನ್ನು. ಅವನು ಬಸ್ಸು ನಿಲ್ಲುವ ಜಾಗದ ಎದುರು, ಗೋಡೆಗೆ ಕಟ್ಟಿದ ದೊಡ್ಡ ಕೊಡೆಯ ಕೆಳಗೆ ಕೂತು ಬೀಗ ರಿಪೇರಿ ಮಾಡುತ್ತಿದ್ದ, ಕಳೆದುಹೋದ ಕೀಲಿಗೆ ಬೇರೆ ಕೀಲಿ ಮಾಡಿಕೊಡುತ್ತಿದ್ದ. ದಿನವಿಡೀ ಅರ ಹಿಡಿದು ತಿಕ್ಕುವುದು. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ, ಕೂದಲಲ್ಲಿ, ಕಿವಿಯ ಮಡಿಕೆಯಲ್ಲಿ ಕಬ್ಬಿಣದ ಪುಡಿ. ಅವನ ದಿಂಬಿನ ಬಟ್ಟೆ ಒಗೆದರೆ ಬಕೆಟ್ಟಿನ ತಳದಲ್ಲಿ ಮರಳಿನ ಹಾಗೆ ಇಳಿದಿರುತ್ತಿತ್ತು.

ಅಂಥವನ ರಕ್ತದಲ್ಲಿ ಕಬ್ಬಿಣ ಸಾಲದು ಎಂದು ಡಾಕ್ಟರು ಹೇಳಿದಾಗ ಅವನೇ ಮೊದಲು ನಕ್ಕಿದ್ದ. "ನೋಡೇ, ಮೈತುಂಬ ಮೆತ್ಕೊಂಡಿದೀನಿ. ಒಳಗೆ ಹೋಗೋ ದಾರಿ ಮಾತ್ರ ಅದಕ್ಕೆ ಗೊತ್ತಿಲ್ಲ."

ಆಗ ಅವನ ತುಟಿ ಬಿಳಿಚಿಕೊಂಡಿತ್ತು. ಕೂತಲ್ಲೇ ಕಣ್ಣು ಕತ್ತಲೆ ಕಟ್ಟುತ್ತಿತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಕೆಂಪು ಬಣ್ಣದ್ದು. ಮನೆಯಲ್ಲಿ ಅವನ ತಾಯಿ, ಅವಳ ಅತ್ತೆ, ಅದನ್ನು ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದರು.

"ಬಟನ್ನಿನ ಹಾಗಿದೆ. ಇದರಿಂದ ರಕ್ತ ಬರುತ್ತಾ? ರಕ್ತಕ್ಕೆ ದಾಳಿಂಬೆ."

"ಈಗ ಹಣ್ಣಿನ ಕಾಲ ಅಲ್ವಲ್ಲ ಅತ್ತೆ."

"ಹಣ್ಣು ಇಲ್ಲದಿದ್ರೆ ಎಲೆ. ಹಣ್ಣಿಗೆ ಆ ಬಣ್ಣ ಕೊಟ್ಟಿದ್ದು ಯಾರು, ಎಲೆ ತಾನೇ?"

ಹಿತ್ತಲಲ್ಲಿ ತಗಡಿನ ಡ್ರಮ್ಮಿನಲ್ಲಿ ಒಂದು ದಾಳಿಂಬೆ ಗಿಡವಿತ್ತು. ಕಾಯಿ ಬಿಟ್ಟರೆ ನಿಂಬೆಕಾಯಿಯಷ್ಟಾಗಿ ಒಡೆದುಹೋಗುತ್ತಿತ್ತು. ಎಲೆಗೆ ಮಾತ್ರ ಬರವಿರಲಿಲ್ಲ. ಅತ್ತೆ ಕೈತುಂಬ ಎಲೆ ಕಿತ್ತು, ನೀರು ಅರ್ಧ ಆಗುವವರೆಗೆ ಕುದಿಸಿ, ಸೋಸಿ ಮಗನಿಗೆ ಕೊಡತೊಡಗಿದರು. ಮಾತ್ರೆ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಚಿಕ್ಕಂದಿನಿಂದಲೂ ಹಾಗೆ. ಅದಕ್ಕೆ ಅತ್ತೆ ಮಾತ್ರೆಯನ್ನು ಚಮಚದ ಬೆನ್ನಿನಲ್ಲಿ ಪುಡಿ ಮಾಡಿ ಆ ಕಷಾಯಕ್ಕೇ ಕದಡಿಬಿಡುತ್ತಿದ್ದರು. ಕದಡಿದ ಕೂಡಲೇ ಲೋಟದಲ್ಲಿದ್ದದ್ದು ಕಪ್ಪಗಾಗುತ್ತಿತ್ತು. ಮಸಿಯ ಹಾಗೆ.

"ನೋಡು, ಔಷಧಿಗೆ ಔಷಧಿ ಕೂಡಿ ಹೇಗೆ ಗಟ್ಟಿಯಾಯ್ತು," ಎಂದು ಅತ್ತೆಗೆ ಹಿಗ್ಗು.

"ಅಮ್ಮ, ಇದನ್ನ ಕುಡಿದ್ರೆ ನಾಳೆಯಿಂದ ನಾನು ಪೆನ್ನಾಗ್ತೀನಿ," ಎನ್ನುತ್ತಿದ್ದ ಅವನು. ಕುಡಿದು ಕಪ್ಪು ನಾಲಿಗೆ ಚಾಚಿ ಹೆಂಡತಿಗೆ ತೋರಿಸುತ್ತಿದ್ದ. ಅವಳು ನಗುತ್ತಿದ್ದಳು. ಬಾಯಿ ಮುಕ್ಕಳಿಸಲು ನೀರು ಹಿಡಿದು ನಿಂತಿರುತ್ತಿದ್ದಳು.

ರಕ್ತ ಏರಲಿಲ್ಲ. ಇನ್ನಷ್ಟು ದಿನ ಮಾತ್ರೆ. ಆಗಲೂ ಏರಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ನೋಡಿ, ಬರುವುದು ತಡವಾಯಿತು ಎಂದರು. ಅವನು ಹೋದ. ಕೊಡೆಯ ಕೆಳಗೆ ಈಗ ಬೇರೆ ಯಾರೋ ಚಪ್ಪಲಿ ಹೊಲಿಯುತ್ತಾರೆ.

ಅವಳಿಗೆ ಮಕ್ಕಳಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ಅದಕ್ಕಾಗಿ ಅತ್ತೆಯಿಂದ ಬೇಕಾದಷ್ಟು ಅನ್ನಿಸಿಕೊಂಡಿದ್ದಳು. ಮಗ ಒಂದು ದಿನ ಗದರಿದ ಮೇಲೆ ಅತ್ತೆ ಆ ಮಾತು ಬಿಟ್ಟರು. ಇಬ್ಬರಿಗೂ ನಡುವೆ ನಿಂತಿದ್ದವನು ಅವನು. ಅವನು ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಎದುರುಬದುರಾಗಿ ಉಳಿದರು. ಜಗಳವಾಡಲೂ ತ್ರಾಣವಿರಲಿಲ್ಲ. ಹಾಗೇ ಒಬ್ಬರಿಗೊಬ್ಬರು ಅಭ್ಯಾಸವಾಗಿಬಿಟ್ಟರು. ಅವಳು ಬರುವವರೆಗೆ ಅತ್ತೆ ಊಟ ಮಾಡುತ್ತಿರಲಿಲ್ಲ. ಬೇಯಿಸಿದ್ದನ್ನು ಮುಚ್ಚಿಟ್ಟು ಬಾಗಿಲಲ್ಲಿ ಕೂತಿರುತ್ತಿದ್ದರು. "ಬಂದೆಯಾ? ಬಸ್ಸು ಸಿಗಲಿಲ್ವಾ, ಅಥವಾ ಬಸ್ಸನ್ನೇ ತೊಳೆದು ಬಂದೆಯಾ?" ಎಂದು ರೇಗುತ್ತಿದ್ದರು. ಆ ರೇಗುವಿಕೆ ಇಲ್ಲದಿದ್ದರೆ ಆ ಮನೆಗೆ ಹೋಗಲು ಅವಳಿಗೆ ಕಾರಣವೇ ಇರಲಿಲ್ಲ.

ಲ್ಯಾಬಿನ ಕಪಾಟುಗಳಿಗೆಲ್ಲ ಕೀಲಿ ಮಾಡಿಕೊಟ್ಟವನು ಅವನೇ. ಹಾಗಾಗಿ ಅಲ್ಲಿನ ದೊಡ್ಡ ಸರ್ ಕರೆಸಿ ಅವಳಿಗೆ ಈ ಕೆಲಸ ಕೊಟ್ಟಿದ್ದರು.

ಈಚೆಗೆ ಅತ್ತೆಯ ಮುಖವೂ ಬಿಳಿಚಿಕೊಂಡಿತು. ಪಾತ್ರೆ ಎತ್ತಲು ಹೋಗಿ ಗೋಡೆ ಹಿಡಿದು ನಿಂತರು. ಬಡಪೆಟ್ಟಿಗೆ ಡಾಕ್ಟರ ಬಳಿ ಹೋಗುವ ಹೆಂಗಸಲ್ಲ. ಅವಳೇ ಕೈ ಹಿಡಿದು ಎಳೆದುಕೊಂಡು ಹೋದಳು. ರಕ್ತ ನೋಡಿದರು. ಅದೇ ಕೆಂಪು ಮಾತ್ರೆ ಕೊಟ್ಟರು. ಮನೆಗೆ ಬಂದ ಅತ್ತೆ ಸೀದಾ ಹಿತ್ತಲಿಗೆ ಹೋಗಿ ಎಲೆ ಕಿತ್ತರು. ಮಗನಿಗೆ ಮಾಡಿದ ಹಾಗೆಯೇ ಕುದಿಸಿದರು, ಹಾಗೆಯೇ ಮಾತ್ರೆ ಪುಡಿ ಮಾಡಿ ಕದಡಿದರು. ಕಪ್ಪಗಾದ ಲೋಟವನ್ನು ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಕುಡಿದರು.

"ಅವನಿಗೂ ಹೀಗೇ ಮಾಡಿಕೊಡ್ತಿದ್ದೆ," ಎಂದರು.

ಆ ವಾರವೇ ಲ್ಯಾಬಿನಲ್ಲಿ ಮೇಡಂನ ಮೇಜಿನ ಮೇಲಿನ ತಾರಸಿ ಸೋರಿ, ಅವರು ಸಾಮಾನೆಲ್ಲ ಎತ್ತಿಕೊಂಡು ಸಿಂಕಿನ ಪಕ್ಕಕ್ಕೆ ಬಂದರು. ಅಲ್ಲಿಯವರೆಗೆ ಅವಳು ನೋಡಿದ್ದು ಬರೀ ಕೊಳೆಯಾದ ಗಾಜು. ಅದು ಹೇಗೆ ಕೊಳೆಯಾಗುತ್ತದೆ ಎಂದು ನೋಡಿರಲಿಲ್ಲ. ಮೇಡಂ ಒಂದು ಟ್ಯೂಬಿನಲ್ಲಿ ಎಲೆಯ ರಸ ತೆಗೆದುಕೊಂಡರು, ತಿಳಿ ಕಂದು ಬಣ್ಣದ್ದು. ಅದಕ್ಕೆ ಸಣ್ಣ ಬಾಟ್ಲಿಯಿಂದ ಹಳದಿ ನೀರು ಒಂದು ಹನಿ ಬಿಟ್ಟರು. ಟ್ಯೂಬು ಮೇಲಿನಿಂದ ಕೆಳಗಿನವರೆಗೆ ಕಪ್ಪಾಯಿತು.

ಅವಳ ಕೈ ನಿಂತಿತು.

"ಏನು ಹಾಕಿದ್ರಿ ಮೇಡಂ ಅದಕ್ಕೆ?"

"ಇದಾ? ಕಬ್ಬಿಣ. ಕಬ್ಬಿಣ ಕರಗಿಸಿದ ನೀರು. ರಸದಲ್ಲಿ ಫಿನಾಲ್ ಇದ್ರೆ ಹೀಗೆ ಕಪ್ಪಾಗುತ್ತೆ. ಇಲ್ಲದಿದ್ರೆ ಆಗಲ್ಲ. ಇದೆ ಅಂತ ಗೊತ್ತಾದ್ಮೇಲೆ ಎಷ್ಟಿದೆ ಅಂತ ನೋಡೋದು."

"ಈ ಕಪ್ಪು ಹೊಟ್ಟೆಗೆ ಹೋದ್ರೆ?"

"ವಿಷ ಏನಲ್ಲ. ಹೋದ ಹಾಗೇ ಹೊರಗೂ ಹೋಗುತ್ತೆ." ಮೇಡಂ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಹೇಳಿದರು. "ಫಿನಾಲ್ ಕಬ್ಬಿಣಾನ ಹಿಡ್ಕೊಂಡ್ರೆ ಬಿಡಲ್ಲಮ್ಮ. ರಕ್ತಕ್ಕೆ ಸೇರೋಕೆ ಬಿಡಲ್ಲ. ಅದಕ್ಕೇ ಕಬ್ಬಿಣದ ಮಾತ್ರೆನ ಟೀ ಜೊತೆ ತಗೋಬಾರದು ಅನ್ನೋದು. ಯಾಕೆ?"

"ಸುಮ್ನೆ."

ನಲ್ಲಿ ಸುರಿಯುತ್ತಲೇ ಇತ್ತು. ತಕ್ಕಡಿಯಣ್ಣ ಒಳಗಿನಿಂದ ಕೂಗಿದ. "ಬಾಟ್ಲಿಯಮ್ಮ, ನದಿ ಹರೀತಾ ಇದೆ! ದೋಣಿ ತರಲಾ?" ಅವಳು ನಲ್ಲಿ ನಿಲ್ಲಿಸಿದಳು. ಉಳಿದ ಟ್ಯೂಬುಗಳನ್ನು ತೊಳೆದಳು. ಹೇಗೆ ತೊಳೆದಳೋ, ಒಂದೂ ಒಡೆಯಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಒಂದೇ ಒಂದು ಆಸೆ ಹಿಡಿದುಕೊಂಡಿದ್ದಳು. ಎಲ್ಲ ಎಲೆಯೂ ಒಂದೇ ಅಲ್ಲ. ಕೆಲವು ಚೀಲಗಳ ಬಗ್ಗೆ, ಇದರಲ್ಲಿ ಏನೂ ಇಲ್ಲ, ಹುಲ್ಲು, ಎಂದು ಮೇಡಂ ಬೇಸರಪಟ್ಟುಕೊಂಡದ್ದನ್ನು ಅವಳು ಕೇಳಿದ್ದಳು. ತಮ್ಮ ಡ್ರಮ್ಮಿನ ಗಿಡಕ್ಕೆ ಗೊಬ್ಬರವಿಲ್ಲ, ಸರಿಯಾದ ಬಿಸಿಲಿಲ್ಲ, ಪಾತ್ರೆ ತೊಳೆದ ನೀರೇ ಗತಿ. ಲೋಟ ಕಪ್ಪಾಗುತ್ತಿದ್ದದ್ದು ನಿಜ, ಆದರೂ ಅದರ ಎಲೆಯಲ್ಲಿ ಒಗರು ಒಂದಿಷ್ಟೇ ಇದ್ದು ಉಳಿದದ್ದು ಹುಲ್ಲೇ ಇರಬೇಕು. ಹಾಗಿದ್ದರೆ ಮಾತ್ರೆ ಅಷ್ಟಿಷ್ಟಾದರೂ ಅವನ ರಕ್ತಕ್ಕೆ ಹೋಗಿರುತ್ತದೆ.

ಮಾರನೆಯ ದಿನ ಒಂದು ಹಿಡಿ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು.

"ಮೇಡಂ, ಇದನ್ನೊಂದು ನೋಡಿಕೊಡ್ತೀರಾ?"

"ಏನಿದು?"

"ಎಲೆ."

"ಎಲೆ ಅಂತ ಕಾಣಿಸ್ತಿದೆ ಬಾಟ್ಲಿಯಮ್ಮ. ಅವರು ಕೇಳಿದ್ದು ಅದಲ್ಲ," ಎಂದ ತಕ್ಕಡಿಯಣ್ಣ.

ಮೇಡಂ ಅವಳ ಮುಖ ನೋಡಿ ಮತ್ತೆ ಕೇಳಲಿಲ್ಲ. ಒಣಗಿಸಲು ಹಾಕಿದರು. ಒಣಗಿದ ಮೇಲೆ ತಕ್ಕಡಿಯಣ್ಣ ಪುಡಿ ಮಾಡಿ ತೂಗಿದ. ಆ ದಿನ ಅವನು ತಮಾಷೆ ಮಾಡಲಿಲ್ಲ. ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಫ್ಲಾಸ್ಕನ್ನು ಅಲ್ಲಾಡಿಸುವ ಯಂತ್ರದ ಮೇಲಿಟ್ಟರು. ಅದು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಿತ್ತು. ಅವಳು ಹೋಗುತ್ತ ಬರುತ್ತ ಅದನ್ನೇ ನೋಡುತ್ತಿದ್ದಳು. ಮೊದಲು ಹಸಿರಿತ್ತು. ಆಮೇಲೆ ಕಂದು ಬಣ್ಣ ಗಾಢವಾಗುತ್ತ ಹೋಯಿತು.

ಸೋಸಿದ ರಸವನ್ನು ಮೇಡಂ ಟ್ಯೂಬುಗಳಿಗೆ ಹಾಕಿದರು. ಪಕ್ಕದಲ್ಲಿ ಇನ್ನೊಂದು ಸಾಲು ಟ್ಯೂಬು. ಅವುಗಳಲ್ಲಿ ಎಷ್ಟು ಫಿನಾಲ್ ಇದೆ ಎಂಬುದು ಮೊದಲೇ ಗೊತ್ತು. ಅವುಗಳ ಬಣ್ಣಕ್ಕೆ ಇದರ ಬಣ್ಣ ಹೋಲಿಸಿ ನೋಡುವುದು. ಎಲ್ಲದಕ್ಕೂ ಕಬ್ಬಿಣದ್ದಲ್ಲದ ಬೇರೊಂದು ಹಳದಿ ದ್ರವ, ಆಮೇಲೆ ಸೋಡಾದ ನೀರು; ಫಿನಾಲ್ ಹೆಚ್ಚಿದ್ದಷ್ಟೂ ಅದು ಕಡು ನೀಲಿಗೆ ತಿರುಗುತ್ತದೆ. ಕತ್ತಲೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಆ ಬಾಗಿಲಿನ ಕೀಲಿ ಅವಳ ಗಂಡ ಮಾಡಿದ್ದು. ಅವಳು ಸಿಂಕಿನ ಬಳಿ ನಿಂತು, ತಿಳಿಯಾಗಿರಲಿ, ತಿಳಿಯಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಬಾಗಿಲು ತೆಗೆದರು. ಗೊತ್ತಿದ್ದ ಸಾಲು ತಿಳಿ ನೀಲಿಯಿಂದ ಕಡು ನೀಲಿಯವರೆಗೆ ಒಂದರ ಪಕ್ಕ ಒಂದು ನಿಂತಿತ್ತು. ಅವಳ ಮನೆಯ ಎಲೆಯ ಟ್ಯೂಬು ಆ ಸಾಲಿನ ಕೊನೆಯದಕ್ಕಿಂತಲೂ ಗಾಢವಾಗಿತ್ತು. ಆಚೆ ಬದಿಯ ಬೆಳಕು ಕಾಣದಷ್ಟು.

"ಅಬ್ಬಾ!" ಮೇಡಂ ಖುಷಿಯಿಂದ ಪೆನ್ಸಿಲ್ ಎಳೆದರು, ಕೂದಲು ಬಿಚ್ಚಿತು. "ಇದನ್ನ ನೀರು ಹಾಕಿ ತೆಳು ಮಾಡಿಯೇ ಅಳೆಯಬೇಕು. ಇಷ್ಟು ಒಳ್ಳೇ ಎಲೆ ನಾನು ಈಚೆಗೆ ನೋಡೇ ಇಲ್ಲ. ಎಲ್ಲಿಂದ ತಂದ್ರಮ್ಮ?"

"ನಮ್ಮ ಹಿತ್ತಲು."

"ಏನು ಮಾಡ್ತೀರಿ ಇದರಲ್ಲಿ?"

ಅವಳು ಹೇಳಿದಳು. ಎಲೆ, ಕಷಾಯ, ಮಾತ್ರೆ, ಚಮಚ, ಕಪ್ಪು ನಾಲಿಗೆ. ನಾಲ್ಕು ಮಾತಿನಲ್ಲಿ ಮುಗಿಯಿತು. ಮೇಡಂನ ಮುಖದ ಖುಷಿ ಅಲ್ಲೇ ಇಂಗಿಹೋಯಿತು. ತಕ್ಕಡಿಯಣ್ಣ ಗಾಜಿನ ಪೆಟ್ಟಿಗೆಯ ಬಾಗಿಲನ್ನು ಸುಮ್ಮನೆ ತೆಗೆದು ಹಾಕಿದ.

"ಅಮ್ಮ, ನಾನು ಡಾಕ್ಟರಲ್ಲ," ಎಂದರು ಮೇಡಂ, ಟ್ಯೂಬನ್ನು ಕೆಳಗಿಟ್ಟು. "ಇದು ಎಲೆಯಲ್ಲಿ ಏನಿದೆ ಅಂತ ಹೇಳುತ್ತೆ. ಮನುಷ್ಯನಿಗೆ ಏನಾಯ್ತು ಅಂತ ಹೇಳಲ್ಲ. ನಿಮ್ಮ ಮನೆಯವರನ್ನ ನೋಡಿದ ಡಾಕ್ಟರನ್ನೇ ಕೇಳಿ. ಆದ್ರೆ ನಿಮ್ಮ ಅತ್ತೆಗೆ ಇವತ್ತೇ ನಿಲ್ಲಿಸಿ. ಮಾತ್ರೆ ಬೇರೆ ಹೊತ್ತು, ಕಷಾಯ ಬೇರೆ ಹೊತ್ತು. ಮಾತ್ರೆಗೆ ಬರೀ ನೀರು. ನಿಂಬೆರಸ ಆದ್ರೂ ಸರಿ."

ಅವಳು ಡಾಕ್ಟರ ಬಳಿ ಹೋದಳು. ಅವರಿಗೆ ಬೀಗದವನ ನೆನಪಿತ್ತು.

"ಅವರ ಕಾಯಿಲೆ ಮೂಳೆಯೊಳಗೆ ಇತ್ತಮ್ಮ. ರಕ್ತ ಹುಟ್ಟೋ ಜಾಗವೇ ಒಣಗಿತ್ತು. ಅದಕ್ಕೆ ಈ ಮಾತ್ರೆ ಏನೂ ಮಾಡ್ತಿರಲಿಲ್ಲ."

"ಮತ್ತೆ ಯಾಕೆ ಕೊಟ್ರಿ?"

"ಮೊದಲು ಎಲ್ಲರಿಗೂ ಅದನ್ನೇ ಕೊಡೋದು. ಅದಕ್ಕೂ ರಕ್ತ ಏರದಿದ್ರೆ ಬೇರೆ ಏನೋ ಇದೆ ಅಂತ ಮುಂದಕ್ಕೆ ಕಳಿಸೋದು."

"ಏರಲಿಲ್ವಲ್ಲ."

"ಏರಲಿಲ್ಲ." ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಹೊರಗೆ ಸಾಲು ದೊಡ್ಡದಿತ್ತು. "ಸರಿಯಾಗಿ ನುಂಗ್ತಿಲ್ಲ ಅಂದ್ಕೊಂಡೆ. ಇನ್ನಷ್ಟು ದಿನ ನೋಡೋಣ ಅಂದೆ. ಕಷಾಯದ ಜೊತೆ ಕೊಡ್ತಿದ್ದೀರಿ ಅಂತ ನೀವು ಹೇಳಲಿಲ್ಲ."

"ನೀವು ಕೇಳಲಿಲ್ಲ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಕಷಾಯ ಇಲ್ಲದಿದ್ರೆ ಉಳೀತಿದ್ರಾ?"

"ಉಳೀತಿದ್ರು ಅಂತ ನಾನು ಹೇಳಲ್ಲ," ಎಂದರು ಡಾಕ್ಟರು. "ಆ ದಿನಗಳು ದಂಡವಾಗದೆ ಬೇಗ ಮುಂದಕ್ಕೆ ಕಳಿಸಿದ್ದಿದ್ರೆ ಏನಾಗ್ತಿತ್ತೋ, ಉಳೀತಿರಲಿಲ್ಲ ಅಂತ ಆಣೆ ಮಾಡಿ ಹೇಳೋಕೂ ಆಗಲ್ಲ."

ಅವಳು ಎದ್ದು ಬಂದಳು. ಅಳು ಬರಲಿಲ್ಲ. ಅವನು ಹೋದಾಗ ಅತ್ತದ್ದರಲ್ಲೇ ಅದು ಮುಗಿದಿತ್ತು. ಅವಳಿಗೆ ಭಯವಾದದ್ದು ಅತ್ತೆಯನ್ನು ನೆನೆದು. ಆಣೆ ಮಾಡಲಾಗದು ಎಂಬ ಆ ಮಾತು ಅತ್ತೆಯ ಕಿವಿಗೆ ಬಿದ್ದರೆ ಮುದುಕಿ ಉಳಿಯುವುದಿಲ್ಲ. ಎಲೆ ಕಿತ್ತ ಕೈ, ಕುದಿಸಿದ ಕೈ, ಮಾತ್ರೆ ಪುಡಿ ಮಾಡಿದ ಕೈ, ಎಲ್ಲ ಒಂದೇ ಕೈ. ಹೇಳದಿದ್ದರೂ ಉಳಿಯುವುದಿಲ್ಲ, ಆ ಕಪ್ಪು ನೀರು ಕುಡಿಯುತ್ತ ಕುಡಿಯುತ್ತ ಜೀವ ಸವೆದುಹೋಗುತ್ತದೆ.

ಮೊದಮೊದಲು ಅವಳು ಉಪಾಯ ಮಾಡಿದಳು. ಕಷಾಯದ ಪಾತ್ರೆ ಕೆಳಗಿಡುವಾಗ ಚೆಲ್ಲಿದಳು.

"ಚೆಲ್ಲಿತು ಅತ್ತೆ."

"ನಿನ್ನ ಕೈಗೆ ತೂತು ಬಿದ್ದಿದೆಯಾ? ಆ ಲ್ಯಾಬಿನಲ್ಲಿ ಒಂದಾದ್ರೂ ಗಾಜು ಉಳಿದಿದೆಯೋ ಇಲ್ವೋ?"

ಎಲೆಗೆ ಹುಳ ಬಿದ್ದಿದೆ ಎಂದಳು. ಅತ್ತೆ ಹೋಗಿ ನೋಡಿ, "ಹುಳ ನಿನ್ನ ತಲೇಲಿ ಬಿದ್ದಿದೆ," ಎಂದು ಮತ್ತೊಂದು ಹಿಡಿ ಕಿತ್ತು ತಂದರು. ಮಾತ್ರೆ ಮುಗಿಯಿತು ಎಂದಳು. ದಿಂಬಿನ ಕೆಳಗೆ ಅವಳು ಬಚ್ಚಿಟ್ಟಿದ್ದು ಅತ್ತೆಗೆ ಸಿಕ್ಕಿತು. ಆಗ ಅತ್ತೆ ಬೈಯಲಿಲ್ಲ. ಅವಳನ್ನೇ ನೋಡಿದರು.

"ನಾನು ಬದುಕೋದು ನಿನಗೆ ಬೇಡವಾ?"

ಇದಕ್ಕಿಂತ ಮುಂದೆ ಉಪಾಯ ನಡೆಯುವಂತಿರಲಿಲ್ಲ. ಅದು ರಜೆಯ ದಿನ, ಬೆಳಗಿನ ಹೊತ್ತು. ಒಲೆಯ ಮೇಲೆ ಕಷಾಯ ಕುದಿದು ಇಳಿದಿತ್ತು. ಅತ್ತೆ ಚಮಚ ಎತ್ತಿಕೊಂಡಿದ್ದರು.

"ಅತ್ತೆ, ಮಾತ್ರೆನ ಅದರಲ್ಲಿ ಹಾಕಬೇಡಿ. ನೀರಲ್ಲಿ ತಗೊಳ್ಳಿ. ಕಷಾಯ ಬೇಕಾದ್ರೆ ಸಂಜೆ ಕುಡೀರಿ."

"ಯಾಕೆ?"

"ಎರಡೂ ಸೇರಿದ್ರೆ ಮಾತ್ರೆ ಕೆಲಸ ಮಾಡಲ್ಲ."

"ಯಾರು ಹೇಳಿದ್ದು? ಬಾಟ್ಲಿ ತೊಳೀತಾ ತೊಳೀತಾ ನೀನೇ ಡಾಕ್ಟರಾದೆಯಾ?"

"ಡಾಕ್ಟರೇ ಹೇಳಿದ್ದು. ಹೋಗಿ ಕೇಳಿ ಬಂದೆ."

ಅತ್ತೆ ಚಮಚ ಕೆಳಗಿಟ್ಟರು. ಅವಳು ಅಷ್ಟಕ್ಕೇ ಮುಗಿಯಲಿ ಎಂದುಕೊಂಡಳು. ಅತ್ತೆ ಲೋಟ ನೋಡಿದರು, ಮಾತ್ರೆ ನೋಡಿದರು. ಬಿಳಿಚಿದ ಮುಖದಲ್ಲಿ ಏನೋ ನಿಧಾನವಾಗಿ ಏಳುತ್ತಿತ್ತು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಡೆಯಲು ಅವಳ ಹತ್ತಿರ ಏನೂ ಇರಲಿಲ್ಲ.

"ಹಾಗಾದ್ರೆ ಅವನಿಗೆ," ಎಂದರು ಅತ್ತೆ. "ಅವನಿಗೆ ನಾನು ಇದರಲ್ಲೇ ಕೊಟ್ಟೆನಲ್ಲ. ಆಗ ಯಾಕೆ ಯಾರೂ ಹೇಳಲಿಲ್ಲ?"

ಯಾರೂ ಹೇಳಿರಲಿಲ್ಲ. ಅದೇ ನಿಜ. ಆ ನಿಜ ಹೇಳಿದರೆ ಉಳಿಯುವುದು ಅತ್ತೆಯ ಕೈ ಒಂದೇ.

"ಹೇಳಿದ್ರು ಅತ್ತೆ," ಎಂದಳು ಅವಳು. "ಮಾತ್ರೆ ಕೊಡುವಾಗ ನರ್ಸಮ್ಮ ನನಗೆ ಹೇಳಿದ್ರು. ಕಷಾಯ ಗಿಷಾಯದ ಜೊತೆ ಕೊಡಬೇಡಿ ಅಂತ. ನಿಮಗೆ ಹೇಳೋಕೆ ನಾನು ಮರೆತೆ."

ಹಿತ್ತಲ ಕಡೆಯಿಂದ ಯಾರೋ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು. ಅತ್ತೆ ಅದನ್ನೇ ಕೇಳುತ್ತಿರುವವರ ಹಾಗೆ ಕೂತಿದ್ದರು.

"ಮರೆತೆಯಾ."

"ಹೂಂ."

"ದಿನಾ ನನ್ನ ಪಕ್ಕದಲ್ಲೇ ನಿಂತಿರ್ತಿದ್ದೆ. ನೀರು ಹಿಡ್ಕೊಂಡು. ನಗ್ತಾ."

"ಹೂಂ ಅತ್ತೆ."

"ನನಗೆ ಗೊತ್ತಿರಲಿಲ್ಲ."

"ನಿಮಗೆ ಹೇಗೆ ಗೊತ್ತಾಗುತ್ತೆ. ನಾನು ಹೇಳಬೇಕಿತ್ತು."

ಅತ್ತೆ ಹೊಡೆಯಲು ಕೈ ಎತ್ತಿದರು. ಆ ಕೈಯಲ್ಲಿ ಶಕ್ತಿ ಇರಲಿಲ್ಲ, ಅರ್ಧಕ್ಕೇ ಇಳಿಯಿತು. ಆಮೇಲೆ ಬಾಯಿ ಬಿಟ್ಟರು. ಮದುವೆಯಾದ ಹೊಸತರಲ್ಲಿ ಅಂದು ಬಿಟ್ಟದ್ದೆಲ್ಲ ಮತ್ತೆ ಬಂತು. ಮಕ್ಕಳಿಲ್ಲದ್ದು ಬಂತು. ತವರಿನ ದಾರಿದ್ರ್ಯ ಬಂತು. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಕೇಳಿಸಿಕೊಳ್ಳುತ್ತಲೇ ಒಂದು ಲೋಟ ನೀರು ತಂದು ಮುಂದಿಟ್ಟಳು. ಬೈದು ಬೈದು ಗಂಟಲು ಒಣಗಿದಾಗ ಅತ್ತೆ ಆ ನೀರು ಎತ್ತಿಕೊಂಡರು. ಬಟನ್ನಿನಂಥ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಅವಳ ಮುಖ ನೋಡದೆ ನುಂಗಿದರು.

ಅಂದಿನಿಂದ ಅತ್ತೆ ಬಾಗಿಲಲ್ಲಿ ಕಾಯುವುದು ನಿಂತಿತು. ಮೊದಲೇ ಉಂಡು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಅವಳ ಪಾಲಿನದು ಮುಚ್ಚಳವಿಲ್ಲದೆ ತಣ್ಣಗಾಗಿ ಬಿದ್ದಿರುತ್ತಿತ್ತು. ಮಾತು ಇಲ್ಲ. ಏನಾದರೂ ಬೇಕಾದರೆ ಪಕ್ಕದ ಮನೆಯವಳನ್ನು ಕರೆದು ಹೇಳುತ್ತಿದ್ದರು. ಆ ಪಕ್ಕದ ಮನೆಯವಳು ಒಂದು ದಿನ ನೀರಿನ ನಲ್ಲಿಯ ಹತ್ತಿರ ಅವಳನ್ನು ಅಡ್ಡಗಟ್ಟಿದಳು.

"ಅಲ್ಲಾ ಕಣೇ, ಅಂಥಾ ಮಾತನ್ನ ಹೇಗೆ ಮರೆತೆ?"

"ಮರೆತುಹೋಯ್ತು," ಎಂದಳು ಅವಳು. ಕೊಡ ಎತ್ತಿಕೊಂಡು ಬಂದಳು.

ಲ್ಯಾಬಿನಲ್ಲಿ ಮೇಡಂ ಕೇಳಿದರು. "ಅತ್ತೆ ಒಪ್ಪಿಕೊಂಡ್ರಾ?"

"ಒಪ್ಪಿಕೊಂಡ್ರು. ನೀರಲ್ಲೇ ತಗೋತಾರೆ."

"ಏನಂತ ಹೇಳಿದ್ರಿ?"

"ಹೇಳಿದೆ ಏನೋ."

ಅವಳು ಟ್ಯೂಬಿನೊಳಗೆ ಬ್ರಷ್ಷು ಹಾಕಿ ತಿರುಗಿಸಿದಳು. ಕಬ್ಬಿಣದ ಕಪ್ಪು ಗಾಜಿಗೆ ಅಂಟಿಕೊಂಡರೆ ಸೋಪಿಗೆ ಬಗ್ಗುವುದಿಲ್ಲ. ಹುಳಿ ಹಾಕಿ ನೆನೆಸಿಟ್ಟು ಮತ್ತೆ ತಿಕ್ಕಬೇಕು. ತಕ್ಕಡಿಯಣ್ಣ ಅಂದು ನಿಟ್ಟುಸಿರಿನ ಮಾತು ತೆಗೆಯಲಿಲ್ಲ. ತಾನು ಮಾಡಿಕೊಂಡ ಟೀಯಲ್ಲಿ ಅರ್ಧ ತಂದು ಸಿಂಕಿನ ಕಟ್ಟೆಯ ಮೇಲಿಟ್ಟು ಹೋದ.

ಮಾತ್ರೆ ಮುಗಿದ ಮೇಲೆ ರಕ್ತ ತೋರಿಸಲು ಅತ್ತೆಯನ್ನು ಕರೆದುಕೊಂಡು ಹೋಗಬೇಕಾಯಿತು. ಅತ್ತೆ ಬರುವುದಿಲ್ಲ ಎಂದು ಪಕ್ಕದ ಮನೆಯವಳ ಮೂಲಕ ಹೇಳಿಸಿದರು. ಆಮೇಲೆ ತಾವೇ ಚಪ್ಪಲಿ ಹಾಕಿಕೊಂಡು ನಿಂತರು. ಸೂಜಿ ಚುಚ್ಚಿದರು, ನೋಡಿದರು. ಪರವಾಗಿಲ್ಲ, ಏರಿದೆ ಎಂದರು ಡಾಕ್ಟರು. ಹೇಳುವಾಗ ಅವರು ಸೊಸೆಯ ಮುಖ ನೋಡಿದರು. ಅವಳು ತಲೆಯಾಡಿಸಿದಳು, ಅಷ್ಟೇ.

ಹಿಂದಿರುಗುವಾಗ ಅತ್ತೆ ಅವಳ ಜೊತೆ ನಡೆಯಲಿಲ್ಲ. ಮುಂದೆ ಮುಂದೆ ಹೋದರು. ಹೋಗುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡಿದ್ದ ಹೆಂಗಸು ಈಗ ಎಲ್ಲೂ ನಿಲ್ಲಲಿಲ್ಲ. ಸಿಟ್ಟಿನಲ್ಲಿ ಹೆಜ್ಜೆ ಬಿರುಸಾಗಿತ್ತು. ರಸ್ತೆ ದಾಟುವಲ್ಲಿ ಗಾಡಿಗಳು ಅಡ್ಡ ಬಂದವು. ಅವಳು ಕೈ ಹಿಡಿಯಲು ಹೋದಳು. ಅತ್ತೆ ಕೊಡವಿಕೊಂಡರು. ಆ ಕೊಡವಿದ ಕೈಯಲ್ಲಿ ಕಸುವಿತ್ತು, ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕಾಯಿತು.

ಗಾಡಿಗಳು ಹೋದವು. ಅತ್ತೆ ರಸ್ತೆ ದಾಟಿ, ಆಚೆ ಬದಿಯ ಕಾಲುದಾರಿ ಹತ್ತಿ, ತಿರುಗಿ ನೋಡದೆ ನಡೆದರು. ಅವರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಅವಳು, ಹೊಸ ಮಾತ್ರೆಯ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು, ಹಿಂದೆ ಹಿಂದೆ ಹೋದಳು.